ಹಳೆಯ ಹಲಗೆಹಾಸಿಗೆ ಹೊಸ ಹಲಗೆ

ಮನೆಯ ನೆಲವೆಂದೊಡನೆ ನಮ್ಮಲ್ಲಿ ಬಹುಮಂದಿಗೆ ಮೊದಲು ನೆನಪಾಗುವುದು ಸೆಗಣಿಯ ಸಾರಣೆ. ಆಮೇಲೆ ಕಲ್ಲುಚಪ್ಪಡಿ, ಕೆಂಪು ಗಾರೆ, ಸಿಮೆಂಟು, ಈಚಿನ ಹೊಳಪಿನ ಬಿಲ್ಲೆಗಳು. ಮರದ ನೆಲವೆಂಬುದು ಚಳಿದೇಶದವರ ಮಾತೆಂದು ತಳ್ಳಿಬಿಡುವವರೇ ಹೆಚ್ಚು. ಆದರೆ ತಲೆಯೆತ್ತಿ ನೋಡಿದರೆ ನಮ್ಮ ನಾಡಿನಲ್ಲಿಯೂ ಮರದ ನೆಲಕ್ಕೆ ಕೊರತೆಯಿಲ್ಲವೆಂಬುದು ಗೊತ್ತಾದೀತು. ಹಳೆಯ ಮನೆಯ ಪಡಸಾಲೆಯಲ್ಲಿ ಕುಳಿತವನಿಗೆ ಮೇಲೆ ಕಾಣುವ ತೊಲೆ, ಜಂತಿ, ಹಲಗೆಗಳೇ ಮಹಡಿಯಲ್ಲಿ ಮಲಗುವವನಿಗೆ ನೆಲ. ಒಬ್ಬನ ಸೂರು ಇನ್ನೊಬ್ಬನ ಹಾಸು. ಬೆಂಗಳೂರಿನ ಕೋಟೆಯ ಬಳಿಯಲ್ಲಿ ೧೭೯೧ರಲ್ಲಿ ಮುಗಿದ ಟಿಪ್ಪೂ ಸುಲ್ತಾನನ ಬೇಸಗೆಯ ಅರಮನೆಯ ಕಂಬಗಳೂ ಮಹಡಿಯೂ ತೇಗದ ಮರದವು. ಅದನ್ನು ನೋಡಲು ಹೋದವರು ಕಂಬಗಳನ್ನು ಹೊಗಳಿ ಬರುತ್ತಾರೆ. ಕಾಲ ಕೆಳಗಿನ ಹಲಗೆಯ ಕಡೆಗೆ ಕಣ್ಣು ಹಾಯಿಸುವವರು ಕಡಮೆ.

ಇಂದು ನಾವು ಹೇಳಹೊರಟಿರುವುದು ಅರಮನೆಯ ಮಾತಲ್ಲ. ಶಿಗ್ಗಾಂವಿ ತಾಲ್ಲೂಕಿನ ದುಂಡಸಿಯಂತಹ ಊರಿನ ಒಕ್ಕಲುಮನೆಯ ಮಾತು. ಹಿಂದೆ ಧಾರವಾಡ ಜಿಲ್ಲೆಗೆ ಸೇರಿದ್ದ ಈ ಸೀಮೆ ೧೯೯೭ರಿಂದ ಹಾವೇರಿ ಜಿಲ್ಲೆಯಲ್ಲಿದೆ. ಮೂಡಲಿಗೆ ಸವಣೂರಿನ ಕಡೆ ಎರೆಯ ಬಯಲು; ಪಡುವಲಿಗೆ ಮುಂಡಗೋಡದ ಕಾಡು. ನಡುವೆ ಮಲೆನಾಡಿನ ಸೆರಗಿನಂತೆ ದುಂಡಸಿ, ಹಾನಗಲ್ಲುಗಳು. ದುಂಡಸಿಯೆಂಬುದು ಊರಿನ ಹೆಸರಾಗಿರುವಂತೆಯೇ ಅರಣ್ಯ ಇಲಾಖೆಯ ಒಂದು ವಲಯದ ಹೆಸರೂ ಹೌದು. ಕಾಡು ಹತ್ತಿರವಿದ್ದುದರಿಂದ ಇಲ್ಲಿಯ ಹಳೆಯ ಮನೆಗಳಲ್ಲಿ ಮರಕ್ಕೆ ಬಡತನವಿಲ್ಲ. ಗೋಡೆ ಮಣ್ಣಿನದಾದರೂ ಕಂಬ, ಬೋದಿಗೆ, ತೊಲೆ, ಮಹಡಿಯ ಹಲಗೆ ಎಲ್ಲವೂ ಗಟ್ಟಿ ಮರದವು. ಮೈಸೂರಿನವರು ತೇಗವೆನ್ನುವ ಮರವನ್ನು ಇಲ್ಲಿಯವರು ಸಾಗುವಾನಿಯೆನ್ನುತ್ತಾರೆ. ಸಾಗುವಾನಿಯ ಜೊತೆಗೆ ಮತ್ತಿ, ಹೊನ್ನೆ, ನಂದಿಗಳ ಹಲಗೆಗಳೂ ಉಂಟು.

ಇಂತಹ ಹಾಸು ಎರಡು ಮೂರು ತಲೆಮಾರು ಬಾಳುತ್ತದೆ. ಆದರೆ ಒಂದೇ ಸಮನಾಗಿ ಬಾಳುವುದಿಲ್ಲ. ಹೆಂಚು ಒಡೆದು ಮಳೆನೀರು ಸೋರಿದ ಮೂಲೆಯಲ್ಲಿ ನಾಲ್ಕು ಹಲಗೆ ಕೊಳೆಯುತ್ತವೆ. ಮಣ್ಣಿನ ಗೋಡೆಯೊಳಗೆ ತಲೆಯಿಟ್ಟ ತೊಲೆಯ ತುದಿಯನ್ನು ಗೆದ್ದಲು ಮುಕ್ಕುತ್ತದೆ. ಮೆಟ್ಟಿಲಿನ ಜಾಗ ಬದಲಾಯಿಸಿದರೆ ಹಳೆಯ ಬಾಯಿಯನ್ನು ಮುಚ್ಚಬೇಕಾಗುತ್ತದೆ. ಮಗನ ಮದುವೆಗೆ ಪಕ್ಕದಲ್ಲೊಂದು ಕೋಣೆ ಕಟ್ಟಿದರೆ ಎರಡು ನೆಲಗಳು ಸೇರಬೇಕಾಗುತ್ತದೆ. ಇಂತಹ ಸಮಯದಲ್ಲಿಯೇ, ಹಳತಕ್ಕೆ ಹೊಸತನ್ನು ಹೇಗೆ ಕೂಡಿಸುವುದು ಎಂಬ ಪ್ರಶ್ನೆ ಏಳುವುದು. ಇಂತಹ ಸಮಯದಲ್ಲಿಯೇ, ಕೂಡಲಾರದೆಂದು ಬೇಸತ್ತು, ಚೆನ್ನಾಗಿದ್ದ ಹಳೆಯ ಹಾಸನ್ನೆಲ್ಲ ಕಿತ್ತುಹಾಕುವುದೂ ನಡೆಯುವುದು.

ನಮಗೆ ಪರಿಚಯವಿದ್ದ ದುಂಡಸಿಯ ಒಂದು ಮನೆಯ ಸಂಗತಿಯನ್ನು ಹೇಳಿದರೆ ವಿಷಯ ಸ್ಪಷ್ಟವಾದೀತು. ಆ ಮನೆಯಲ್ಲಿ ಹಿಂದಿನ ತಲೆಮಾರಿನ ಅಣ್ಣತಮ್ಮಂದಿರು ಬೇರೆಯಾದಾಗ ನಟ್ಟನಡುವೆ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಯನ್ನು ಎಬ್ಬಿಸಿದ್ದರು. ಗೋಡೆ ಮಹಡಿಯನ್ನೂ ಸೀಳಿಕೊಂಡು ಹೋಗಬೇಕಾದ್ದರಿಂದ, ಈ ಕೊನೆಯಿಂದ ಆ ಕೊನೆಯವರೆಗೆ ಓಡುತ್ತಿದ್ದ ಹಲಗೆಗಳನ್ನೆಲ್ಲ ಒಂದೇ ಗೆರೆಯಲ್ಲಿ ಗರಗಸದಿಂದ ಕೊಯ್ದಿದ್ದರು. ಮುಂದಿನ ತಲೆಮಾರಿನವರಲ್ಲಿ ಮಾತು ಕತೆ ಕೂಡಿತು, ಮನೆ ಮತ್ತೆ ಒಂದಾಯಿತು, ಗೋಡೆಯನ್ನು ಇಳಿಸಿದರು. ಇಳಿಸಿದ ಮೇಲೆ ಮಹಡಿಯ ನಡುವೆ ಒಂದೂವರೆ ಅಡಿ ಅಗಲದ ಬಾಯಿ ಉಳಿಯಿತು. ಪೇಟೆಯಿಂದ ಬಂದ ಕೆಲಸಗಾರನೊಬ್ಬನು ಅಲ್ಲಿ ಹೊಸ ಮರದ ತುಂಡುಗಳನ್ನು ಅಡ್ಡಡ್ಡವಾಗಿ ಬಡಿದು ಹೋದನು. ಹಳೆಯ ಹಾಸು ಕಾಫಿಯ ಬಣ್ಣ, ಹೊಸದು ಹಳದಿ. ಗೋಡೆ ಹೋದರೂ ಗೋಡೆಯ ಗೆರೆ ಹೋಗಲಿಲ್ಲ. ಮೆಟ್ಟಿಲೇರಿ ಬಂದವರೆಲ್ಲ ಮೊದಲು ನೋಡುವುದು ಅದನ್ನೇ, ಕೇಳುವುದೂ ಅದನ್ನೇ. ಹಿರಿಯರಿಗೆ ಇದು ಬೇಸರದ ಮಾತಾಯಿತು. ಕಿರಿಯರು, ಹಳೆಯ ಹಲಗೆಗಳನ್ನೆಲ್ಲ ತೆಗೆದು ಮಾರಿ, ಸಿಮೆಂಟು ಹಾಕಿ ಬಿಲ್ಲೆ ಹಾಸಿಬಿಡೋಣವೆಂದರು.

ಬಿಲ್ಲೆಯ ಮಾತು ಬಂದಾಗ ನಾವು ಒಂದು ಲೆಕ್ಕವನ್ನು ಮುಂದಿಟ್ಟೆವು. ಒಂದು ಅಂಗುಲ ದಪ್ಪದ ಸಾಗುವಾನಿಯ ಹಲಗೆ ಚದರಡಿಗೆ ಸುಮಾರು ಒಂದೂವರೆ ಕಿಲೋಗ್ರಾಂ ತೂಗುತ್ತದೆ. ಎರಡು ಅಂಗುಲದ ಗಾರೆಯೂ ಅದರ ಮೇಲಿನ ಬಿಲ್ಲೆಯೂ ಸೇರಿದರೆ ಚದರಡಿಗೆ ಸುಮಾರು ೧೧ ಕಿಲೋಗ್ರಾಂ ಆಗುತ್ತದೆ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆಗೆ ಹಲಗೆಯ ಭಾರ ಎರಡು ಕ್ವಿಂಟಲಿಗಿಂತ ಕಡಮೆ. ಬಿಲ್ಲೆಯ ಭಾರ ಹದಿಮೂರು ಕ್ವಿಂಟಲಿನಷ್ಟು. ಹಲಗೆಗೆಂದು ಹೂಡಿದ ಜಂತಿಗಳ ಮೇಲೆ ಅಷ್ಟು ಭಾರವನ್ನು ಹೇರಿದರೆ ಕೆಳಗೆ ಮಲಗಿದವರ ಗತಿಯೇನು? ಭಾರವನ್ನು ತಡೆದರೂ, ಹಸಿ ಗಾರೆಯ ನೀರು ಮರಕ್ಕಿಳಿದರೆ ಕೊಳೆತಕ್ಕೆ ದಾರಿಯಾಗುತ್ತದೆ. ಈ ಲೆಕ್ಕವಾದ ಮೇಲೆ ಬಿಲ್ಲೆಯ ಮಾತು ನಿಂತಿತು. ಉಳಿದದ್ದು ಮರಕ್ಕೆ ಮರವನ್ನು ಸರಿಯಾಗಿ ಕೂಡಿಸುವ ಮಾತು.

ಇದಕ್ಕಾಗಿ ಹಾನಗಲ್ಲಿನ ಕಡೆಯ ಹಿರಿಯ ಬಡಿಗರೊಬ್ಬರನ್ನು ಕರೆಸಿದರು. ಅವರು ಹೊಸ ಹಲಗೆಯ ಬಣ್ಣವನ್ನು ನೋಡಲೇ ಇಲ್ಲ. ಕೆಳಗಿಳಿದು, ಪಡಸಾಲೆಯಲ್ಲಿ ನಿಂತು, ಹಾಸನ್ನು ಅಡಿಯಿಂದ ನೋಡಿದರು. ಬಣ್ಣ ಹೊಂದುವುದು ಹೇಗೆಂದು ನಾವು ಕೇಳಿದಾಗ, “ಬಣ್ಣಾ ಕೂಡ್ಸೂದು ನಮ್ಮ ಕೈಯಾಗಿಲ್ರೀ ಸರ, ಅದು ಬೆಳಕಿನ ಕೈಯಾಗ ಐತಿ. ನಾವು ಬಾಯಿ ಕೂಡಸ್ತೇವಿ” ಎಂದರು. ಬಾಯಿ ಎಂದರೆ ಹಲಗೆಗೂ ಹಲಗೆಗೂ ನಡುವಿನ ಸಂದು. ಈ ವಿಷಯದಲ್ಲಿ ನಾವು ಓದಿದ ಇಂಗ್ಲಿಷ್ ಪುಸ್ತಕಗಳಲ್ಲಿ ಇದಕ್ಕಿಂತ ಹೆಚ್ಚಿನದು ಬಹಳ ಇಲ್ಲ. ಹೊಸ ಹಲಗೆಯು ಹಳೆಯದನ್ನು ಮರದ ಜಾತಿಯಲ್ಲಿ, ಕೊಯ್ತದಲ್ಲಿ, ದಪ್ಪದಲ್ಲಿ, ಒಣಗಿನಲ್ಲಿ ಹೋಲಬೇಕು. ಬಣ್ಣದಲ್ಲಿ ಅಂದೇ ಹೋಲಬೇಕೆಂದು ಹಟ ಹಿಡಿದರೆ ಉಳಿದುದೆಲ್ಲ ಕೆಡುತ್ತದೆ.

ಮೊದಲು ಜಾತಿ. ಹಳೆಯ ಹಲಗೆ ಯಾವ ಮರದ್ದೆಂಬುದು ಮೇಲಿನಿಂದ ತಿಳಿಯದು; ಹೊಗೆ, ಎಣ್ಣೆ, ಕಾಲ ಧೂಳು ಎಲ್ಲ ಮರಗಳನ್ನೂ ಒಂದೇ ಬಣ್ಣಕ್ಕೆ ತಂದಿರುತ್ತವೆ. ಅಡಿಭಾಗದಲ್ಲಿ ಉಳಿಯಿಂದ ಒಂದಿಷ್ಟು ಕೆತ್ತಿ ನೋಡಬೇಕು. ಸಾಗುವಾನಿಯಾದರೆ ಕೈಗೆ ಎಣ್ಣೆಯ ನುಣುಪು, ಮೂಗಿಗೆ ಹದಮಾಡಿದ ತೊಗಲಿನಂತಹ ವಾಸನೆ. ಹೊನ್ನೆಯ ಚಕ್ಕೆಯನ್ನು ನೀರಿನಲ್ಲಿ ಹಾಕಿದರೆ ನೀರು ಹಳದಿಗೆ ತಿರುಗಿ, ಬೆಳಕಿಗೆ ಹಿಡಿದಾಗ ನೀಲಿಯ ಮಿಂಚು ತೋರುತ್ತದೆ. ಮಧುಮೇಹಕ್ಕೆಂದು ಮಾರುವ ಮರದ ಲೋಟಗಳನ್ನು ಈ ಮರದಿಂದಲೇ ಕಡೆಯುತ್ತಾರೆ. ಹೊನ್ನೆಯ ಹಾಸಿಗೆ ಸಾಗುವಾನಿಯನ್ನು ಸೇರಿಸಿದರೆ, ಎರಡೂ ಒಳ್ಳೆಯ ಮರವೇ ಆದರೂ, ಹತ್ತು ವರ್ಷ ಕಳೆದರೂ ಅವು ಎರಡೇ ಆಗಿ ಉಳಿಯುತ್ತವೆ. ಮರದ ಜಾತಿಯನ್ನು ಸಂದೇಹಕ್ಕೆಡೆಯಿಲ್ಲದೆ ತಿಳಿಯಬೇಕೆನ್ನುವವರಿಗೆ ಬೆಂಗಳೂರಿನಲ್ಲಿ ಮರದ ವಿಜ್ಞಾನ ಮತ್ತು ತಂತ್ರಜ್ಞಾನದ ಸಂಸ್ಥೆಯೊಂದುಂಟು. ೧೯೩೮ರಲ್ಲಿ ಮೈಸೂರು ಸಂಸ್ಥಾನದವರು ಅರಣ್ಯ ಸಂಶೋಧನಾಲಯವೆಂದು ಸ್ಥಾಪಿಸಿದ್ದು ಅದೇ.

ಜಾತಿಯೊಂದಾದರೂ ಗುಣ ಒಂದಾಗಿರಬೇಕಾಗಿಲ್ಲ. ಹಳೆಯ ಹಲಗೆಗಳು ಕಾಡಿನಲ್ಲಿ ನಿಧಾನವಾಗಿ ಬೆಳೆದ ದೊಡ್ಡ ಮರಗಳವು. ಒಂದೊಂದು ಹತ್ತು ಹನ್ನೆರಡು ಅಂಗುಲ ಅಗಲ. ಇಂದು ಮಾರುಕಟ್ಟೆಗೆ ಬರುವ ಸಾಗುವಾನಿ ಬಹುಮಟ್ಟಿಗೆ ನೆಡುತೋಪಿನದು. ನೆಡುತೋಪು ಹೊಸದಲ್ಲ, ಮಲಬಾರಿನ ನಿಲಂಬೂರಿನಲ್ಲಿ ೧೮೪೦ರ ದಶಕದಲ್ಲಿಯೇ ಅದು ಆರಂಭವಾಯಿತು. ಆದರೆ ಬೇಗ ಕಡಿದ ಎಳೆಯ ಮರದಲ್ಲಿ ಚೇಗು ಕಡಮೆ, ಚೇಗಿನ ಸುತ್ತಲಿನ ಬಿಳಿಯ ಭಾಗ ಹೆಚ್ಚು. ಈ ಬಿಳಿಯ ಭಾಗಕ್ಕೆ ಗೆದ್ದಲನ್ನು ತಡೆಯುವ ಶಕ್ತಿಯಿಲ್ಲ. ಅದು ಎಷ್ಟು ವರ್ಷವಾದರೂ ಚೇಗಿನ ಬಣ್ಣಕ್ಕೆ ಬರುವುದೂ ಇಲ್ಲ. ಅಗ್ಗವಾಯಿತೆಂದು ಅರ್ಧ ಬಿಳುಪಿನ ಹಲಗೆಯನ್ನು ಕೊಳ್ಳುವುದು, ನಮ್ಮ ಅಭಿಪ್ರಾಯದಲ್ಲಿ, ಹಣವನ್ನು ಒಲೆಗೆ ಹಾಕಿದಂತೆ.

ಹಾಗಾದರೆ ಎಲ್ಲಿಂದ ತರುವುದು? ಹಳೆಯ ಮನೆ ಕೆಡವಿದ ಮರವನ್ನು ಮಾರುವವರು ಹುಬ್ಬಳ್ಳಿ ಧಾರವಾಡಗಳ ಕಡೆ ಉಂಟು. ಆ ಮರ ಒಣಗಿದ್ದು, ಬಣ್ಣ ಕಟ್ಟಿದ್ದು, ಅಗಲವಾದದ್ದು. ಅದರಲ್ಲಿ ಮುರಿದ ಮೊಳೆಗಳಿರುತ್ತವೆ; ಗರಗಸಕ್ಕೆ ಕೊಡುವ ಮೊದಲು ಒಂದೊಂದನ್ನೂ ಹುಡುಕಿ ಕೀಳಿಸಬೇಕು. ಹೊಸ ಮರವೇ ಬೇಕಾದರೆ ಅರಣ್ಯ ಇಲಾಖೆಯ ನಾಟಾ ಸಂಗ್ರಹಾಲಯಗಳಲ್ಲಿ ನಡೆಯುವ ಹರಾಜಿನ ಮರವನ್ನು, ರಸೀತಿ ಮತ್ತು ಸಾಗಣೆಯ ಪರವಾನಗಿಗಳೊಡನೆ ಕೊಳ್ಳತಕ್ಕದ್ದು. ಆದರೆ ಇವೆರಡಕ್ಕಿಂತಲೂ ಉತ್ತಮವಾದ ಮೂಲವೊಂದು ಮನೆಯಲ್ಲಿಯೇ ಇರುತ್ತದೆ. ದುಂಡಸಿಯ ಮನೆಯಲ್ಲಿ ಬಡಿಗರು ಮಾಡಿದ್ದು ಅದನ್ನೇ. ಮಹಡಿಯ ಹಿಂದಿನ ಮೂಲೆಯಲ್ಲಿ ಕಾಳಿನ ಚೀಲಗಳನ್ನು ಒಟ್ಟುವ ಕತ್ತಲೆಯ ಕೋಣೆಯಿತ್ತು. ಅಲ್ಲಿಯ ಹಳೆಯ ಹಲಗೆಗಳನ್ನು ಎಬ್ಬಿಸಿ ನಡುವಿನ ಬಾಯಿಗೆ ತಂದರು; ಹೊಸ ಹಲಗೆಗಳಲ್ಲಿ ಬಹುಭಾಗವನ್ನು ಕತ್ತಲೆಯ ಕೋಣೆಗೆ ಕಳಿಸಿದರು. ಚೀಲದ ಕೆಳಗಿನ ಹಲಗೆ ಹಳದಿಯಾದರೇನು, ಕೆಂಪಾದರೇನು?

ಇನ್ನು ಕೂಡಿಸುವ ರೀತಿ. ಕೊಯ್ದ ಗೆರೆಯುದ್ದಕ್ಕೂ ತುಂಡು ಬಡಿದರೆ ಎಷ್ಟು ಒಳ್ಳೆಯ ಮರವಾದರೂ ತೇಪೆಯಾಗಿಯೇ ಕಾಣುವುದು. ಮರದ ಬಣ್ಣಕ್ಕಿಂತ ಈ ಉದ್ದನೆಯ ನೇರ ಗೆರೆಯೇ ಕಣ್ಣಿಗೆ ಚುಚ್ಚುವುದು. ಆದ್ದರಿಂದ ಮೊದಲು ಗೋಡೆಯಿದ್ದ ಜಾಗದಲ್ಲಿ ಹಲಗೆಗಳ ತುದಿಗೆ ಆಧಾರವಾಗಿ ಒಂದು ಹೊಸ ಜಂತಿಯನ್ನು ಕೂಡಿಸಿ, ಆಮೇಲೆ ಎರಡು ಕಡೆಯ ಹಳೆಯ ಹಲಗೆಗಳನ್ನು ಹಿಂದೆ ಹಿಂದೆ ಕೊಯ್ಯಬೇಕು: ಒಂದನ್ನು ಮೊದಲನೆಯ ಜಂತಿಯವರೆಗೆ, ಅದರ ನೆರೆಯದನ್ನು ಮೂರನೆಯದರವರೆಗೆ, ಮತ್ತೊಂದನ್ನು ಎರಡನೆಯದರವರೆಗೆ. ಪ್ರತಿಯೊಂದು ತುದಿಯೂ ಜಂತಿಯ ಮೈಮೇಲೆಯೇ ಬೀಳತಕ್ಕದ್ದು. ನೆರೆಹೊರೆಯ ಎರಡು ಹಲಗೆಗಳ ತುದಿಗಳು ಒಂದೇ ಜಂತಿಯ ಮೇಲೆ ಬೀಳಕೂಡದು. ಈ ಸಂದುಗಳಲ್ಲಿ ನಾಲ್ಕು ಅಡಿ, ಆರು ಅಡಿ, ಏಳು ಅಡಿಯ ಹಲಗೆಗಳು ಕುಳಿತುಕೊಳ್ಳುತ್ತವೆ. ಎರಡು ಕೈಗಳ ಬೆರಳುಗಳನ್ನು ಹೆಣೆದಂತೆ ಹಳತೂ ಹೊಸತೂ ಒಂದರೊಳಗೊಂದು ಹೊಗುತ್ತವೆ. ಚೆನ್ನಾಗಿರುವ ಹಳೆಯ ಹಲಗೆಯನ್ನು ಕೊಯ್ಯಬೇಕಾಗುವುದರಿಂದ ಮನೆಯವರ ಎದೆ ಝಲ್ಲೆನ್ನುವುದು ಸಹಜ. ಕೊಯ್ದ ತುಂಡುಗಳೇನೂ ದಂಡವಾಗುವುದಿಲ್ಲ. ಬೇರೆ ಮೂಲೆಯ ತೇಪೆಗೆ ಅವೇ ಒದಗುತ್ತವೆ.

ಹಲಗೆಗಳ ಅಂಚು ಹೇಗಿದೆಯೆಂಬುದನ್ನೂ ನೋಡಬೇಕು. ಬರಿಯ ಅಂಚಿಗೆ ಅಂಚು ಒತ್ತಿ ಕುಳಿತದ್ದೇ, ಅರ್ಧರ್ಧ ದಪ್ಪ ಕಡಿದು ಒಂದರ ಮೇಲೊಂದು ಕುಳಿತದ್ದೇ, ಇಲ್ಲವೇ ಒಂದರ ನಾಲಗೆ ಇನ್ನೊಂದರ ತೋಡಿನೊಳಗೆ ಹೊಕ್ಕದ್ದೇ? ಹೊಸದನ್ನೂ ಹಾಗೆಯೇ ಕಡಿಯಬೇಕು. ಹಲಗೆಯ ದಪ್ಪವಂತೂ ಹಳೆಯ ಮನೆಗಳಲ್ಲಿ ಒಂದೇ ಸಮನಾಗಿರುವುದಿಲ್ಲ; ಇಬ್ಬರು ಆಳುಗಳು ಉದ್ದ ಗರಗಸ ಹಿಡಿದು ಕೊಯ್ದ ಕಾಲದ ಮರವದು. ಅಂದಿನವರು ಹಲಗೆಯ ಅಡಿಯನ್ನು ಜಂತಿಯ ಮೇಲೆ ಕೂಡುವ ಕಡೆಯಲ್ಲಿ ಮಾತ್ರ ಬಾಚಿಯಿಂದ ಕೆತ್ತಿ ಮೇಲ್ಮೈಯನ್ನು ಸಮ ಮಾಡುತ್ತಿದ್ದರು. ಇಂದಿಗೂ ಅದೇ ಸರಿ. ಹೊಸ ಹಲಗೆಯನ್ನು ಕೂದಲೆಳೆಯಷ್ಟು ದಪ್ಪವಾಗಿ ಕೊಯ್ಯಿಸಿ, ಅಡಿಯಿಂದ ಕೆತ್ತಿ ಕೂಡಿಸಬೇಕು. ಬಾಗಿಲ ಬಳಿ ಹಳೆಯ ಹಲಗೆ ಸವೆದು ತಗ್ಗಾಗಿದ್ದರೆ ಅಲ್ಲಿ ಹೊಸದರ ಮೇಲ್ಮೈಯನ್ನೂ ಕೀಸುಳಿಯಿಂದ ಸ್ವಲ್ಪ ತಗ್ಗಿಸಬೇಕು. ಹಳೆಯದನ್ನು ಹೊಸದರ ಮಟ್ಟಕ್ಕೆ ತರುವುದು ಹಿಂದುಮುಂದಾದ ಕೆಲಸ.

ಒಣಗಿನ ವಿಷಯದಲ್ಲಿ ನಮ್ಮವರು ತೋರುವ ಅವಸರ ದೊಡ್ಡದು. ಮರ ಕಡಿದ ಮೇಲೆಯೂ ಉಸಿರಾಡುತ್ತದೆಯೆಂದು ಬಡಿಗರು ಹೇಳುವುದು ಅಲಂಕಾರದ ಮಾತಲ್ಲ. ಮಳೆಗಾಲದಲ್ಲಿ ಗಾಳಿಯ ಪಸೆಯನ್ನು ಹೀರಿ ಉಬ್ಬುತ್ತದೆ, ಬೇಸಗೆಯಲ್ಲಿ ಬಿಟ್ಟು ಕುಗ್ಗುತ್ತದೆ. ಈ ಉಬ್ಬುಕುಗ್ಗು ಹಲಗೆಯ ಉದ್ದದಲ್ಲಿ ಇಲ್ಲವೆನ್ನುವಷ್ಟು ಅಲ್ಪ, ಅಗಲದಲ್ಲಿಯೇ ಎಲ್ಲವೂ. ಅದರಲ್ಲಿಯೂ ವರ್ಷದ ಬಳೆಗಳಿಗೆ ಸಮವಾಗಿ ಕೊಯ್ದ ಹಲಗೆ, ಬಳೆಗಳನ್ನು ಕಡಿದು ಕೊಯ್ದ ಹಲಗೆಗಿಂತ ಸುಮಾರು ಇಮ್ಮಡಿ ಕುಗ್ಗುತ್ತದೆ. ಸಾಗುವಾನಿ ಮರಗಳೆಲ್ಲದರಲ್ಲಿ ಸಾಧುವಾದದ್ದು. ಆದರೂ ಹಸಿಯಿಂದ ಪೂರ್ತಿ ಒಣಗುವಾಗ ಅದು ಒಂದು ಬಗೆಯ ಕೊಯ್ತದಲ್ಲಿ ನೂರಕ್ಕೆ ಎರಡೂವರೆಯಷ್ಟು, ಇನ್ನೊಂದು ಬಗೆಯಲ್ಲಿ ಐದರಷ್ಟು ಕುಗ್ಗುವುದುಂಟು. ಹತ್ತು ಅಂಗುಲದ ಹಲಗೆಯಲ್ಲಿ ಇದು ಅರ್ಧ ಅಂಗುಲ! ಹಳೆಯ ಹಲಗೆ ಕುಗ್ಗುವುದನ್ನೆಲ್ಲ ಎಂದೋ ಕುಗ್ಗಿ ಮುಗಿಸಿದೆ. ಅದರ ಪಕ್ಕದಲ್ಲಿ ಹಸಿ ಹಲಗೆಯನ್ನು ಎಷ್ಟು ಬಿಗಿಯಾಗಿ ಬಡಿದರೂ ಮುಂದಿನ ಚೈತ್ರಕ್ಕೆ ಸಂದಿನಲ್ಲಿ ಕಾಳು ಬೀಳುತ್ತದೆ. ಅಂಗುಲ ದಪ್ಪಕ್ಕೆ ಒಂದು ವರ್ಷದ ಒಣಗು ಎಂಬುದು ಹಳೆಯ ಲೆಕ್ಕ. ಯಂತ್ರದ ಒಲೆಯಲ್ಲಿ ಒಣಗಿಸಿದ ಮರ ಈಗ ಸಿಗುತ್ತದೆ. ಪಸೆಯನ್ನು ಅಳೆಯುವ ಸಣ್ಣ ಉಪಕರಣವೂ ಸಿಗುತ್ತದೆ. ಹಳೆಯ ಹಲಗೆಯಲ್ಲಿ ಅದು ಎಷ್ಟು ತೋರಿಸುವುದೋ ಹೊಸದರಲ್ಲಿಯೂ ಹೆಚ್ಚುಕಡಮೆ ಅಷ್ಟೇ ತೋರಿಸುವವರೆಗೆ ಕಾಯಬೇಕು. ಒಲೆಯಲ್ಲಿ ಒಣಗಿಸಿದ್ದಾದರೂ ಅದೇ ಮಹಡಿಯಲ್ಲಿ, ನಡುನಡುವೆ ಪಟ್ಟಿಗಳನ್ನಿಟ್ಟು ಗಾಳಿಯಾಡುವಂತೆ ಒಟ್ಟಿ, ಕೆಲವು ವಾರಗಳಾದರೂ ಬಿಡುವುದು ಕ್ಷೇಮ. ನಮ್ಮ ಸೀಮೆಯಲ್ಲಿ ಮಳೆ ಹಿಂದೆಗೆದು ಸುಗ್ಗಿ ಇನ್ನೂ ಬರದ ಕಾರ್ತಿಕ ಮಾರ್ಗಶಿರಗಳು ಹಾಸುವುದಕ್ಕೆ ತಕ್ಕ ಕಾಲ. ಆಷಾಢದಲ್ಲಿ ಹಾಸಿದರೆ ಬೇಸಗೆಯಲ್ಲಿ ಬಿರುಕು; ವೈಶಾಖದಲ್ಲಿ ಬಿಗಿದು ಹಾಸಿದರೆ ಮಳೆಗಾಲದಲ್ಲಿ ಹಲಗೆ ಬೆನ್ನೆತ್ತುತ್ತದೆ.

ಈಗ ಬಣ್ಣಕ್ಕೆ ಬರೋಣ. ಆಗತಾನೆ ಕೀಸಿದ ಸಾಗುವಾನಿಯಲ್ಲಿ ಹಸಿರುಮಿಶ್ರಿತ ಛಾಯೆಯೂ ಅಲ್ಲಲ್ಲಿ ಕರಿಯ ಗೀರುಗಳೂ ಕಾಣುತ್ತವೆ. ಬೆಳಕು ಗಾಳಿಗಳು ತಗಲಿದಂತೆ ಕೆಲವು ವಾರಗಳಲ್ಲಿ ಅವು ಅಡಗಿ ಹೊಂಬಣ್ಣ ಏಳುತ್ತದೆ. ಆಮೇಲೆ ವರ್ಷ ವರ್ಷಕ್ಕೆ ಕಂದು ಏರುತ್ತದೆ. ಇದನ್ನು ತಿಳಿಯದೆ, ಹಾಸಿದ ದಿನವೇ ಹೊಸದಕ್ಕೆ ಗಾಢವಾದ ಬಣ್ಣ ಬಳಿದು ಹಳೆಯದರಂತೆ ಮಾಡಿದರೆ ಆಗುವುದೇನು? ಅಂದು ನೋಡಿದವರು ಭೇಷ್ ಎನ್ನುತ್ತಾರೆ. ಆದರೆ ಬಳಿದ ಬಣ್ಣದ ಕೆಳಗೆ ಮರವು ತನ್ನ ಪಾಡಿಗೆ ತಾನು ಕಪ್ಪಾಗುತ್ತಲೇ ಹೋಗುತ್ತದೆ. ಎರಡು ವರ್ಷಕ್ಕೆ ಹೊಸ ಹಲಗೆ ಹಳೆಯದಕ್ಕಿಂತ ಕಪ್ಪಾಗಿ, ತೇಪೆ ಮತ್ತೆ ಎದ್ದು ಕಾಣುತ್ತದೆ. ಈ ಸಲ ಅದನ್ನು ತೆಗೆಯುವ ದಾರಿಯಿಲ್ಲ. ಕಬ್ಬಿಣದ ತುಕ್ಕನ್ನು ಹುಳಿಯಲ್ಲಿ ನೆನೆಯಿಟ್ಟ ನೀರನ್ನು ಬಳಿದು ಮರವನ್ನು ಕಪ್ಪುಮಾಡುವುದೂ ಉಂಟು. ತೊಗರು ಹೆಚ್ಚಿರುವ ಮತ್ತಿಯಂತಹ ಮರದಲ್ಲಿ ಅದು ಇದ್ದಕ್ಕಿದ್ದಂತೆ ಮಸಿಯಂತಾಗುವುದರಿಂದ ಅಡ್ಡ ತುಂಡೊಂದರ ಮೇಲೆ ಪರೀಕ್ಷಿಸದೆ ಮುಟ್ಟಬಾರದು. ತೀರ ಕಣ್ಣಿಗೆ ಹೊಡೆಯುವಂತಿದ್ದರೆ ಹಳೆಯದಕ್ಕಿಂತ ಒಂದು ಮೆಟ್ಟಿಲು ತಿಳಿಯಾದ ಬಣ್ಣವನ್ನು ಕೊಟ್ಟು, ಉಳಿದುದನ್ನು ಬೆಳಕಿಗೆ ಬಿಡುವುದು ಮೇಲು.

ಇನ್ನೊಂದು ಮಾರ್ಗವನ್ನು ಪೇಟೆಯ ಗುತ್ತಿಗೆದಾರರು ಹೇಳುತ್ತಾರೆ: ವಿದ್ಯುತ್ತಿನ ಉಜ್ಜುಯಂತ್ರದಿಂದ ಹಳತು ಹೊಸತು ಎರಡನ್ನೂ ಕೆರೆದು ಒಂದೇ ಬಣ್ಣಕ್ಕೆ ತರುವುದು. ಒಂದೇ ಬಣ್ಣವೇನೋ ಬರುತ್ತದೆ. ಆದರೆ ಮೂರು ತಲೆಮಾರಿನ ಕಾಲುಗಳು ಒರಸಿ ತಂದ ಮೇಲ್ಮೈ ಒಂದು ಮಧ್ಯಾಹ್ನದಲ್ಲಿ ಪುಡಿಯಾಗಿ ಹೋಗುತ್ತದೆ. ಕಮ್ಮಾರನು ಬಡಿದು ಮಾಡಿದ ಚೌಕ ಮೊಳೆಗಳ ತಲೆಗಳು ಸವೆದು ಹಿಡಿತ ಬಿಡುತ್ತವೆ. ಹಾಸು ಬಹಳ ಕೆಟ್ಟಿದ್ದರೆ ಒಪ್ಪಬೇಕಾದೀತು. ಬರಿಯ ಬಣ್ಣಕ್ಕಾಗಿ ಇದನ್ನು ಮಾಡುವುದಕ್ಕೆ ನಮ್ಮ ಮನಸ್ಸು ಒಡಂಬಡುವುದಿಲ್ಲ.

ಬಣ್ಣಕ್ಕಿಂತಲೂ ಹೊಳಪು ಹೆಚ್ಚು ಗುಟ್ಟು ಬಿಡುತ್ತದೆಯೆಂಬುದನ್ನು ಬಹುಮಂದಿ ಗಮನಿಸುವುದಿಲ್ಲ. ಹಳೆಯ ಹಾಸು ಎಣ್ಣೆ ಕುಡಿದು ಮಂಕಾಗಿ ಮಿನುಗುತ್ತಿರುವಾಗ, ಹೊಸದಕ್ಕೆ ಗಾಜಿನಂತಹ ವಾರ್ನಿಷನ್ನು ಬಳಿದರೆ ಸಂಜೆಯ ದೀಪದಲ್ಲಿ ಅದೊಂದೇ ಕೆರೆಯ ನೀರಿನಂತೆ ಹೊಳೆಯುತ್ತದೆ. ಆ ಮನೆಯಲ್ಲಿ ಉಪ್ಪುಕಾಗದದಿಂದ ಲಘುವಾಗಿ ಉಜ್ಜಿ, ಇಡೀ ಹಾಸಿಗೆ ಅಗಸೆಯ ಎಣ್ಣೆಯನ್ನು ತೆಳುವಾಗಿ ಎರಡು ಸಲ ತೀಡಿ, ಒಣಗಿದ ಮೇಲೆ ಜೇನುಮೇಣದಿಂದ ಒರಸಿದರು. ಇಲ್ಲಿ ಒಂದು ಎಚ್ಚರಿಕೆ: ಅಗಸೆಯ ಎಣ್ಣೆ ಒಣಗುವಾಗ ಕಾವು ಹುಟ್ಟುತ್ತದೆ. ಒರಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆಸೆದರೆ ಅವು ತಾವಾಗಿಯೇ ಹೊತ್ತಿಕೊಳ್ಳಬಲ್ಲವು. ಮೈಸೂರಿನ ಹಳೆಯ ಮರದ ಅರಮನೆ ೧೮೯೭ರಲ್ಲಿ ಸುಟ್ಟುಹೋದದ್ದನ್ನು ಕೇಳಿ ಬಲ್ಲ ನಮಗೆ, ಮರದ ಮನೆಯಲ್ಲಿ ಬೆಂಕಿಯೆಂದರೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಟ್ಟೆಗಳನ್ನು ಬಿಡಿಸಿ ಅಂಗಳದಲ್ಲಿ ಹರವಿ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ಮುಳುಗಿಸಿಡಬೇಕು.

ಎಲ್ಲ ಕಡೆಯೂ ಹೆಣೆಯುವುದು ಸಾಧ್ಯವಿಲ್ಲ. ಹೊಸ ಕೋಣೆಯ ಮರವೇ ಬೇರೆ, ಹಲಗೆಯ ದಿಕ್ಕೇ ಬೇರೆ, ಅಥವಾ ನಗರದ ಮನೆಗಳಲ್ಲಿ ಈಗ ಹಾಸುವ, ಮೇಲೆ ಮಾತ್ರ ಒಳ್ಳೆಯ ಮರದ ತೆಳು ಪದರವುಳ್ಳ ಕಾರ್ಖಾನೆಯ ಹಲಗೆ ಎಂದಾದರೆ ಕೂಡಿಸುವ ಯತ್ನವನ್ನೇ ಬಿಡಬೇಕು. ಅದಕ್ಕೆ ನಮ್ಮ ಮನೆಗಳಲ್ಲಿ ಮೊದಲಿನಿಂದಲೂ ಒಂದು ಉಪಾಯವಿದೆ, ಹೊಸ್ತಿಲು. ಎರಡು ನೆಲಗಳ ನಡುವೆ ಅಡ್ಡಲಾಗಿ ಅಗಲವಾದ ಒಂದೇ ಹಲಗೆಯನ್ನು, ಎರಡಕ್ಕಿಂತಲೂ ಗಾಢವಾದ ಮರದಿಂದ, ಮಟ್ಟವಾಗಿ ಕೂಡಿಸಿದರೆ ಸಾಕು. ಆಚೆಯದು ಆಚೆಯದು, ಈಚೆಯದು ಈಚೆಯದು. ಹೋಲಲಿಲ್ಲವೆಂದು ಯಾರೂ ಆಕ್ಷೇಪಿಸುವುದಿಲ್ಲ.

ಹೊಸತನ್ನು ಪೂರ್ತಿಯಾಗಿ ಮರೆಮಾಡಲೇಬೇಕೆ ಎಂದು ಕೇಳುವವರೂ ಉಂಟು. ಆ ಪ್ರಶ್ನೆ ಸಣ್ಣದಲ್ಲ. ಪ್ರಾಚೀನ ಕಟ್ಟಡಗಳ ಜೀರ್ಣೋದ್ಧಾರದ ವಿಷಯವಾಗಿ ೧೯೬೪ರಲ್ಲಿ ವೆನಿಸ್ ನಗರದಲ್ಲಿ ಸೇರಿದ ವಿದ್ವಾಂಸರು, ತುಂಬಿದ ಹೊಸ ಭಾಗವು ಒಟ್ಟಿನೊಡನೆ ಹೊಂದಿಕೊಳ್ಳಬೇಕು, ಆದರೆ ಮೂಲದಿಂದ ಬೇರೆಯೆಂದು ಗುರುತಿಸುವಂತೆಯೂ ಇರಬೇಕು ಎಂದು ನಿರ್ಣಯಿಸಿದರು. ಮರದ ಕಟ್ಟಡಗಳಿಗಾಗಿಯೇ ೧೯೯೯ರಲ್ಲಿ ಮಾಡಿದ ಅಂತರರಾಷ್ಟ್ರೀಯ ನಿಯಮಗಳಲ್ಲಿ, ಹೊಸ ಮರಕ್ಕೆ ಮರೆಯಾದ ಕಡೆಯಲ್ಲಿ ಗುರುತು ಹಾಕಬೇಕೆಂಬ ಸೂಚನೆಯಿದೆ. ಜಪಾನಿನ ಗುಡಿಗಳಲ್ಲಿ ಬದಲಾಯಿಸಿದ ಮರದ ಮೇಲೆ ದುರಸ್ತಿಯ ವರ್ಷವನ್ನು ಒತ್ತುವ ರೂಢಿಯುಂಟು. ಒಕ್ಕಲುಮನೆಯ ಮಹಡಿ ಸ್ಮಾರಕವಲ್ಲ, ನಿಜ. ಆದರೂ ಆ ಬಡಿಗರು, ಯಾರೂ ಹೇಳದೆಯೇ, ಹೊಸ ಹಲಗೆಗಳ ಅಡಿಯಲ್ಲಿ ಉಳಿಯಿಂದ ಇಸವಿಯನ್ನು ಕೆತ್ತಿದರು. ಪಡಸಾಲೆಯಲ್ಲಿ ಅಂಗಾತ ಮಲಗಿದರೆ ಅದನ್ನು ಓದಬಹುದು. ಕಿರಿಯರು ಅದನ್ನು ಅಳಿಸೋಣವೆಂದಾಗ ಹಿರಿಯರು ಒಪ್ಪಲಿಲ್ಲ. ಗೋಡೆಯೊಂದಿತ್ತೆಂಬುದನ್ನು ಮೇಲೆ ನಡೆಯುವವರು ಕಾಣದಿದ್ದರೆ ಸಾಕು, ಮನೆಯವರು ಮರೆಯಬೇಕಾಗಿಲ್ಲ ಎಂಬುದು ಅವರ ವಾದ. ನಮಗೂ ಅದು ಸರಿಯೆಂದೇ ತೋರಿತು.

ಕೊನೆಯದಾಗಿ ಒಂದು ಸಣ್ಣ ಮಾತು. ಹಲಗೆ ಕೊಳ್ಳುವಾಗ ಲೆಕ್ಕಕ್ಕಿಂತ ಎರಡು ಮೂರನ್ನು ಹೆಚ್ಚಾಗಿ ಕೊಳ್ಳಿರಿ. ಒಂದೇ ಮರದ, ಒಂದೇ ಕೊಯ್ತದ ಹಲಗೆ ಮತ್ತೆ ಸಿಗುವುದಿಲ್ಲ. ಉಳಿದವನ್ನು ಒಲೆಗೆ ಕಳಿಸದೆ, ಅಡಿಗೆ ಪಟ್ಟಿಗಳನ್ನು ಕೊಟ್ಟು, ಅದೇ ಮಹಡಿಯಲ್ಲಿ ಬೆಳಕು ಬೀಳುವ ಕಡೆಯಲ್ಲಿ ಗೋಡೆಯುದ್ದಕ್ಕೆ ಮಲಗಿಸಿಡಬೇಕು. ಮುಂದೆ ಇನ್ನೊಂದು ಹೆಂಚು ಒಡೆದು ಇನ್ನೊಂದು ಮೂಲೆ ನೆನೆಯುವ ಹೊತ್ತಿಗೆ ಅವೂ ಹಾಸಿನ ಬಣ್ಣಕ್ಕೆ ಬಂದಿರುತ್ತವೆ.